ಶೋಕವೂ ಶ್ರದ್ಧೆಯೂ

ಸಾವು ಕಾಣದ ಮನೆಯಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಬಲ್ಲೆವೆಂಬ ಕಾರಣದಿಂದ ಯಾರ ದುಃಖವೂ ಕಡಮೆಯಾದುದಿಲ್ಲ. ವಯಸ್ಸಾದವರು ತಮ್ಮ ಪಾಲಿಗೆ ಬಂದ ಶೋಕವನ್ನು ಹೇಗೋ ನುಂಗಿಕೊಂಡು ನಿತ್ಯಕೃತ್ಯಗಳಲ್ಲಿ ತೊಡಗುವರು. ಆದರೆ ಮನೆಯಲ್ಲಿರುವ ಮಕ್ಕಳ ಮತ್ತು ಹರೆಯದವರ ಸ್ಥಿತಿಯೇ ಬೇರೆ. ಅವರು ಮೊದಲನೆಯ ಸಲ ಸಾವನ್ನು ಹತ್ತಿರದಿಂದ ಕಂಡಾಗ, ಅದುವರೆಗೆ ಕೇಳಿದ್ದ ದೇವರ ಕಥೆಗಳನ್ನೂ ಬಾಯಿಪಾಠ ಮಾಡಿದ್ದ ಸ್ತೋತ್ರಗಳನ್ನೂ ಆ ಸಾವಿನ ಪಕ್ಕದಲ್ಲಿಟ್ಟು ಒರೆಹಚ್ಚಿ ನೋಡುತ್ತಾರೆ. ಆಗ ನಾವು ಅವರಿಗೆ ಹೇಳುವ ಮಾತು, ಅಥವಾ ಹೇಳದೆ ಬಿಡುವ ಮಾತು, ಅವರ ಆಯುಷ್ಯದುದ್ದಕ್ಕೂ ಉಳಿಯುತ್ತದೆ. ಈ ವಿಷಯದಲ್ಲಿ ನಮಗೆ ತೋರಿದ ಕೆಲವು ಸಂಗತಿಗಳನ್ನೂ, ನಮ್ಮ ನಾಡಿನ ಬೆಟ್ಟದಲ್ಲಿ ಹುಟ್ಟಿ, ಮುಂದೆ ಕ್ರೈಸ್ತಮತವನ್ನು ಸ್ವೀಕರಿಸಿ, ದಿಕ್ಕಿಲ್ಲದ ನೂರಾರು ಎಳೆಯರಿಗೆ ತಾಯಿಯಾದ ಒಬ್ಬ ವಿದುಷಿಯ ಚರಿತ್ರೆಯನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಆರಂಭಿಸಿದ್ದೇವೆ.

ನಾವು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದವರು. ಮನೆಗೆ ಬಂದು ಕಾವ್ಯಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗರಿಗೆ ರಘುವಂಶದ ಎಂಟನೆಯ ಸರ್ಗವನ್ನು ಎಷ್ಟೋ ಸಲ ಹೇಳಿದ್ದೇವೆ. ಇಂದುಮತಿಯು ಆಕಾಶದಿಂದ ಬಿದ್ದ ಹೂಮಾಲೆ ತಗುಲಿ ಪ್ರಾಣಬಿಟ್ಟಾಗ ಅಜಮಹಾರಾಜನು ವಿಲಪಿಸುವ ಭಾಗವದು. ಕುಲಗುರುವಾದ ವಸಿಷ್ಠರು ಯಜ್ಞದೀಕ್ಷೆಯಲ್ಲಿದ್ದುದರಿಂದ ತಾವೇ ಬರಲಾರದೆ, ಶಿಷ್ಯನೊಬ್ಬನ ಮುಖಾಂತರ ಸಮಾಧಾನದ ಮಾತುಗಳನ್ನು ಹೇಳಿಕಳುಹಿಸುತ್ತಾರೆ. ಆ ಮಾತುಗಳಲ್ಲಿ ತಪ್ಪೇನೂ ಇಲ್ಲ; ಎಲ್ಲವೂ ಶಾಸ್ತ್ರಸಮ್ಮತವಾದುವೇ. ಅಜನು ಹಾಗೆಯೇ ಆಗಲೆಂದು ತಲೆಬಾಗಿ ಶಿಷ್ಯನನ್ನು ಬೀಳ್ಕೊಡುತ್ತಾನೆ. ಆದರೆ ಶೋಕದಿಂದ ತುಂಬಿದ ಆ ಹೃದಯದಲ್ಲಿ ಉಪದೇಶಕ್ಕೆ ಕಾಲಿಡಲು ಸ್ಥಳ ಸಿಕ್ಕದೆ, ಅದು ಗುರುಗಳ ಬಳಿಗೇ ಹಿಂದಿರುಗಿಹೋದಂತಾಯಿತೆಂದು ಕವಿಯ ಭಾವ. ಹಾಗಾದರೆ ಅಜನು ಮುಂದಿನ ಎಂಟು ವರ್ಷ ಬದುಕಿದುದು ಹೇಗೆ? ಮಗನಾದ ದಶರಥನು ಇನ್ನೂ ಬಾಲಕನಾಗಿದ್ದನು, ಅವನಿಗಾಗಿ ಬದುಕಿದನು. ಉಪದೇಶವು ಮಾಡಲಾಗದ ಕೆಲಸವನ್ನು ಒಬ್ಬ ಹುಡುಗನು ಮಾಡಿದನು.

ಈ ಭಾಗವನ್ನು ಪಾಠ ಹೇಳುವುದು ಬೇರೆ, ಅನುಭವಿಸುವುದು ಬೇರೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಸಹಧರ್ಮಿಣಿಯು ಹದಿನೈದು ದಿನಗಳ ಕಾಯಿಲೆಯಲ್ಲಿ ತೀರಿಕೊಂಡಳು. ಬಂದವರೆಲ್ಲರೂ ಗೀತೆಯ ಎರಡನೆಯ ಅಧ್ಯಾಯವನ್ನು ಜ್ಞಾಪಿಸಿದರು. ನಾವೇ ನೂರಾರು ಸಲ ಅನ್ವಯಮಾಡಿ ಅರ್ಥ ಹೇಳಿದ್ದ ಶ್ಲೋಕಗಳವು. ಅವರ ಸದ್ಭಾವಕ್ಕೆ ಕೈಮುಗಿದೆವು. ಆದರೆ ಅಜನ ಸ್ಥಿತಿಯೇ ನಮ್ಮದೂ ಆಗಿದ್ದಿತು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಸಂಜೆ, ನಮ್ಮ ಮನೆಯಲ್ಲಿಯೇ ಇದ್ದು ಓದುತ್ತಿದ್ದ ಹದಿಮೂರು ವರ್ಷದ ಮೊಮ್ಮಗಳು ಬಳಿಯಲ್ಲಿ ಬಂದು ಕುಳಿತು, “ತಾತ, ಆತ್ಮಕ್ಕೆ ಸಾವಿಲ್ಲ ಅಂತ ನೀವೇ ನನಗೆ ಹೇಳಿಕೊಟ್ಟಿದ್ದೀರಿ. ಅದು ನಿಜವಾದರೆ ನೀವು ಯಾಕೆ ಅಳುತ್ತೀರಿ? ನೀವು ಅಳೋದು ನಿಜವಾದರೆ ಆ ಪಾಠ ಯಾತಕ್ಕೆ?” ಎಂದು ಕೇಳಿದಳು. ಮಗುವು ತರ್ಕಕ್ಕಾಗಿ ಕೇಳಿದುದಲ್ಲ. ಅಜ್ಜಿಯನ್ನು ಕಳೆದುಕೊಂಡ ಮೇಲೆ ದೇವರನ್ನೂ ಕಳೆದುಕೊಳ್ಳಬೇಕೇನು ಎಂಬ ಭಯವು ಆ ಮುಖದಲ್ಲಿತ್ತು. “ನಾಳೆ ಹೇಳುತ್ತೇನಮ್ಮ” ಎಂದೆವು.

ಆ ವಾರದಲ್ಲಿಯೇ ನಮ್ಮ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನಿಂದ ನೋಡಲು ಬಂದನು. ಧಾರವಾಡದ ಕಡೆಯ ಕ್ರೈಸ್ತ ಮನೆತನದವನು. ಸಂಸ್ಕೃತವನ್ನು ಪ್ರೀತಿಯಿಂದ ಓದಿದವನು. ಈಗ ಉದ್ಯೋಗದ ಜೊತೆಗೆ ತನ್ನ ಸಭೆಯ ತರುಣರ ಸಂಘವನ್ನು ನೋಡಿಕೊಳ್ಳುತ್ತಾನೆ. ಓದಿಗೂ ಕೆಲಸಕ್ಕೂ ಬಂದು ಸೇರಿರುವ ಮಿಜೋರಾಮಿನವರು, ನಾಗಾಲ್ಯಾಂಡಿನವರು, ತಮಿಳರು, ಮಲೆಯಾಳಿಗಳು, ನಮ್ಮ ಕನ್ನಡದ ಹುಡುಗರು, ಹೀಗೆ ಹತ್ತು ಭಾಷೆಯವರು ಆ ಸಂಘದಲ್ಲಿರುವರಂತೆ. ಅವನು ಬಂದವನು ಒಂದು ಗಂಟೆಯವರೆಗೆ ಏನನ್ನೂ ಹೇಳಲಿಲ್ಲ. ನಮ್ಮ ಪಕ್ಕದಲ್ಲಿ ಕುಳಿತಿದ್ದನು. ಆಮೇಲೆ ಎದ್ದು ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದನು. “ಗುರುಗಳೇ, ನಮ್ಮ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಸುಮ್ಮನೆ ಕುಳಿತಿರುವುದನ್ನು” ಎಂದನು. ಬೈಬಲಿನಲ್ಲಿ ಯೋಬನೆಂಬ ಸತ್ಪುರುಷನ ಕಥೆಯಿದೆ. ಮಕ್ಕಳನ್ನೂ ಐಶ್ವರ್ಯವನ್ನೂ ಒಟ್ಟಿಗೆ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿಗೆ ಮೂವರು ಸ್ನೇಹಿತರು ಬಂದು, ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅಲ್ಲಿಯವರೆಗೆ ಅವರು ನಿಜವಾದ ಸ್ನೇಹಿತರು. ಅನಂತರ ಬಾಯಿ ತೆರೆದು, ನಿನ್ನ ಪಾಪದ ಫಲವಿದು ಎಂದು ಕಾರಣ ಹೇಳಲು ಹೊರಟರು. ಕಥೆಯ ಕೊನೆಯಲ್ಲಿ ದೇವರೇ ಅವರ ಮಾತನ್ನು ತಪ್ಪೆಂದನು. ವಸಿಷ್ಠರ ಶಿಷ್ಯನಿಗೂ ಯೋಬನ ಸ್ನೇಹಿತರಿಗೂ ಇರುವ ಹೋಲಿಕೆಯನ್ನು ನೋಡಿ ನಮಗೆ ಆಶ್ಚರ್ಯವಾಯಿತು.

ಅವನು ಇನ್ನೊಂದು ಸಂಗತಿಯನ್ನು ಹೇಳಿದನು. ಅವನ ಸಂಘದಲ್ಲಿದ್ದ ಮಿಜೋ ಹುಡುಗಿಯೊಬ್ಬಳಿಗೆ ಊರಿನಿಂದ ತಂದೆಯ ಮರಣವಾರ್ತೆ ಬಂದಿತು. ದೂರದ ಬೆಟ್ಟದ ನಾಡು. ಹೊರಟರೂ ಮಣ್ಣಿಗೆ ಮುಂಚೆ ಸೇರುವಂತಿರಲಿಲ್ಲ. ಸಂಘದವರು ಕೂಡಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಾರ್ಥನೆ ಮಾಡಿದರು. ಹುಡುಗಿಯು ಕಲ್ಲಿನಂತೆ ಕುಳಿತಿದ್ದಳು. ಮಿಜೋ ಜನರಲ್ಲಿ ಒಂದು ಪದ್ಧತಿಯುಂಟು. ಸಾವಾದ ಮನೆಗೆ ಊರಿನ ತರುಣರೆಲ್ಲರೂ ಬಂದು ಸೇರುವರು; ೧೯೩೫ರಲ್ಲಿ ಸ್ಥಾಪಿತವಾದ ಅವರ ತರುಣ ಸಂಘದವರೇ ಗುಂಡಿ ತೋಡುವರು; ಆ ಮನೆಯವರನ್ನು ಒಂಟಿಯಾಗಿ ಬಿಡದೆ ರಾತ್ರಿಯ ಹೊತ್ತು ಅಲ್ಲಿಯೇ ಉಳಿದು, ಡೋಲಿನ ತಾಳಕ್ಕೆ ಶೋಕದ ಹಾಡುಗಳನ್ನು ಹಾಡುವರು. ಇದನ್ನು ತಿಳಿದ ನಮ್ಮ ಶಿಷ್ಯನು ನಗರದ ಇನ್ನೊಂದು ಕೊನೆಯಿಂದ ಏಳೆಂಟು ಮಿಜೋ ತರುಣರನ್ನು ಹುಡುಕಿ ಕರೆತಂದನು. ಅವರು ಮೇಜನ್ನೇ ಡೋಲು ಮಾಡಿಕೊಂಡು ರಾತ್ರಿಯಿಡೀ ಹಾಡಿದರು. ಮೊದಲನೆಯ ಹಾಡು ಮುಗಿಯುವ ಮೊದಲೇ ಹುಡುಗಿಗೆ ಅಳು ಬಂದಿತು. ಭಾಷೆ ತಿಳಿಯದ ಕನ್ನಡದ ಹುಡುಗರು ಹಿಂದೆ ಕುಳಿತಿದ್ದು, ಹೊತ್ತುಹೊತ್ತಿಗೆ ಎದ್ದು ಚಹ ಮಾಡಿಕೊಟ್ಟರು. “ಆ ರಾತ್ರಿ ನಮ್ಮ ಹುಡುಗರು ಮಾಡಿದ ಚಹವೇ ಅವರ ಪ್ರಾರ್ಥನೆ, ಗುರುಗಳೇ” ಎಂದನು. ಹೊರಡುವಾಗ ಒಂದು ಸಣ್ಣ ಪುಸ್ತಕವನ್ನು ನಮ್ಮ ಕೈಯಲ್ಲಿಟ್ಟು, “ಇವರು ನಿಮ್ಮ ಹಾಗೆ ಸಂಸ್ಕೃತದವರು, ನಮ್ಮ ಹಾಗೆ ಕ್ರೈಸ್ತರು. ಬಿಡುವಾದಾಗ ಓದಿ” ಎಂದನು. ಅದು ಪಂಡಿತಾ ರಮಾಬಾಯಿಯವರು ೧೯೦೭ರಲ್ಲಿ ಪ್ರಕಟಿಸಿದ ಆತ್ಮಕಥನ.

ರಮಾಬಾಯಿಯವರ ಹೆಸರನ್ನು ನಾವು ಮೊದಲೇ ಕೇಳಿದ್ದೆವು. ಅವರ ಶೋಕದ ಕಥೆಯನ್ನು ಅರಿತಿರಲಿಲ್ಲ. ಅವರು ೧೮೫೮ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ, ತುಂಗಾ ಭದ್ರಾ ನೇತ್ರಾವತಿಗಳ ಉಗಮಸ್ಥಾನವೆಂದು ಪ್ರಸಿದ್ಧವಾದ ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದಲ್ಲಿ ನೆಲೆಸಿದ್ದ ಚಿತ್ಪಾವನ ಮನೆತನದ ವಿದ್ವಾಂಸರು. ತರುಣರಾಗಿ ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ಸಂಕಲ್ಪಿಸಿದವರು. ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಅದರಂತೆ ಕಲಿಸಿದರು. ಹೆಂಗಸಿಗೆ ದೇವಭಾಷೆಯನ್ನು ಹೇಳಿಕೊಟ್ಟರೆಂದು ಆಕ್ಷೇಪ ಬಂದಾಗ, ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದ ತಮ್ಮ ಪಕ್ಷವನ್ನು ಸಮರ್ಥಿಸಿದರು. ಬಂದವರಿಗೆಲ್ಲ ಅನ್ನವಿಕ್ಕಿ ಆಸ್ತಿ ಕರಗಿದ ಮೇಲೆ ಸಂಸಾರವು ಬೆಟ್ಟವನ್ನಿಳಿದು ತೀರ್ಥಯಾತ್ರೆಗೆ ಹೊರಟಿತು. ಆಗ ರಮಾಬಾಯಿ ಆರು ತಿಂಗಳ ಕೂಸು. ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊತ್ತು ಇಳಿಸಿದರಂತೆ. ಮುಂದೆ ತಾಯಿಯು ನಸುಕಿನಲ್ಲಿ ಮಗಳನ್ನೆಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುವರು. ಪುಸ್ತಕ ಮುಟ್ಟುವ ಮೊದಲೇ ಪುರಾಣದ ಸಾವಿರಾರು ಶ್ಲೋಕಗಳು ಮಗುವಿನ ನಾಲಗೆಯಲ್ಲಿ ನಿಂತುವು.

ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಪುರಾಣ ಹೇಳುವುದೇ ಅವರ ಜೀವನೋಪಾಯ. ದಕ್ಷಿಣದಲ್ಲಿ ದೊಡ್ಡ ಕ್ಷಾಮ ಬಂದಾಗ ಪುರಾಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕೈಯಲ್ಲಿದ್ದುದೆಲ್ಲ ಮುಗಿದು, ಕಾಡಿನಲ್ಲಿ ಎಲೆ ತಿಂದು ದಿನ ಕಳೆದರು. ೧೮೭೪ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ, ತಿಂಗಳುಗಳಲ್ಲಿ ಅಕ್ಕನೂ ಹೋದರು. ತಾಯಿಯ ಶವವನ್ನು ಹೊರಲು ಜನ ಸಿಕ್ಕಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮರುಗಿ ಬಂದರು. ಮೂರನೆಯವನು ಅಣ್ಣ, ನಾಲ್ಕನೆಯವಳು ಹದಿನಾರರ ರಮಾಬಾಯಿ. ಸ್ಮಶಾನವು ಮೂರು ಮೈಲಿ ದೂರ. ಗಿಡ್ಡ ಮೈಯವರಾದ್ದರಿಂದ ಚಟ್ಟವು ಹೆಗಲಿಗೆ ಸರಿಯಾಗದೆ, ಅದರ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದರು. ಈ ಒಂದು ಸಂಗತಿಯನ್ನು ಓದಿ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಆ ದಿನ ಮುಂದಕ್ಕೆ ಓದಲಾಗಲಿಲ್ಲ.

ಉಳಿದ ಅಣ್ಣತಂಗಿಯರು ಬರಿಗಾಲಿನಲ್ಲಿ ಉತ್ತರಕ್ಕೆ ನಡೆದರು. ಪಂಜಾಬಿನ ಝೇಲಮ್ ನದಿಯ ದಡದಲ್ಲಿ ಚಳಿಗೆ ಹೊದಿಕೆಯಿಲ್ಲದೆ, ಮರಳಿನಲ್ಲಿ ಗೋರಿಯಂತಹ ಎರಡು ಗುಳಿ ತೋಡಿ, ತಲೆಯೊಂದನ್ನು ಹೊರಗಿಟ್ಟು ಮೈಮೇಲೆ ಒಣಮರಳನ್ನು ಎಳೆದುಕೊಂಡು ರಾತ್ರಿ ಕಳೆದರಂತೆ. ಹೇಳಿದ ವ್ರತಗಳನ್ನೆಲ್ಲ ಮಾಡಿದ್ದರು, ಹೇಳಿದ ತೀರ್ಥಗಳಲ್ಲೆಲ್ಲ ಮಿಂದಿದ್ದರು, ಇದ್ದುದನ್ನೆಲ್ಲ ದಾನವಾಗಿ ಕೊಟ್ಟಿದ್ದರು. ಆದರೂ ಯಾವ ದೇವರೂ ತಿರುಗಿ ನೋಡಲಿಲ್ಲವೆಂಬ ಭಾವವು ಇಬ್ಬರಲ್ಲಿಯೂ ಬೇರೂರಿತು. ೧೮೭೮ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಈ ಇಪ್ಪತ್ತು ವರ್ಷದ ಕನ್ಯೆಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಬಿರುದು ಬಂದ ಎರಡು ವರ್ಷಕ್ಕೆ ಅಣ್ಣನು ತೀರಿಕೊಂಡನು. ಅದೇ ೧೮೮೦ರಲ್ಲಿ ಬಿಪಿನ್ ಬಿಹಾರಿ ಮೇಧವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಮರುವರ್ಷ ಮನೋರಮೆಯೆಂಬ ಹೆಣ್ಣುಮಗು ಹುಟ್ಟಿತು. ೧೮೮೨ರ ಫೆಬ್ರುವರಿಯಲ್ಲಿ ಗಂಡನು ಕಾಲರಾದಿಂದ ಮಡಿದನು. ಇಪ್ಪತ್ನಾಲ್ಕು ತುಂಬುವ ಮೊದಲೇ ಆಕೆಗೆ ತಂದೆಯಿಲ್ಲ, ತಾಯಿಯಿಲ್ಲ, ಅಕ್ಕನಿಲ್ಲ, ಅಣ್ಣನಿಲ್ಲ, ಗಂಡನಿಲ್ಲ. ತೊಡೆಯ ಮೇಲೆ ಹತ್ತು ತಿಂಗಳ ಕೂಸೊಂದು ಉಳಿಯಿತು.

ಇಷ್ಟು ಭಾರವನ್ನು ಹೊತ್ತು ೧೮೮೩ರಲ್ಲಿ ಅವರು ವೈದ್ಯಶಾಸ್ತ್ರವನ್ನು ಓದಬೇಕೆಂದು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರು ತಮ್ಮ ಮಠದಲ್ಲಿ ಆಶ್ರಯ ಕೊಟ್ಟರು. ಕಿವಿ ಮಂದವಾಗಿದ್ದುದರಿಂದ ವೈದ್ಯಶಾಸ್ತ್ರದ ಆಸೆ ಮುರಿಯಿತು. ಜೊತೆಯಲ್ಲಿ ಬಂದಿದ್ದ ಗೆಳತಿಯು ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಮಾಬಾಯಿಯವರು ಮಗಳೊಡನೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅಲ್ಲಿ ಅವರು ಕಂಡುದು, ಜನರು ಪತಿತೆಯರೆಂದು ತಳ್ಳಿದ ಹೆಂಗಸರನ್ನು ಆ ಸಂನ್ಯಾಸಿನಿಯರು ಮನೆಯಲ್ಲಿಟ್ಟು ಪ್ರೀತಿಯಿಂದ ನೋಡಿಕೊಳ್ಳುವುದನ್ನು. ವಾದವು ಮಾಡದುದನ್ನು ಆ ದೃಶ್ಯವು ಮಾಡಿತು.

ಆದರೆ ಮುಂದಿನ ಭಾಗವನ್ನು ವಾಚಕರು ಗಮನಿಸಬೇಕು. ಮತವನ್ನು ಸ್ವೀಕರಿಸಿದರೆಂದು ಅವರು ತಮ್ಮತನವನ್ನು ಬಿಟ್ಟುಕೊಡಲಿಲ್ಲ. ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆ ಹಾಕಿದ ತಿಂಡಿಯನ್ನೂ ಒಲ್ಲೆನೆಂದರು. ಇದು ಜಾತಿಯ ಗರ್ವದ ಉಳಿಕೆಯೆಂದು ಅವರ ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್ ನೊಂದುಕೊಂಡರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುದನ್ನು ಕಂಡು, ಈ ಭಾಷೆಯು ನನಗೂ ತಿಳಿಯದು, ನನ್ನ ದೇಶದ ಸಹೋದರಿಯರಿಗೂ ತಿಳಿಯದು, ಬರೆಯುವುದಾದರೆ ಸಂಸ್ಕೃತದಲ್ಲೇಕೆ ಬರೆಯಬಾರದೆಂದು ರಮಾಬಾಯಿ ಕೇಳಿದರು. ತಿಳಿಯದ ಸಿದ್ಧಾಂತವನ್ನು ತಿಳಿದೆನೆಂದು ಹೇಳಲೂ ಒಪ್ಪಲಿಲ್ಲ. ಈ ಪತ್ರವ್ಯವಹಾರವೆಲ್ಲ ೧೯೭೭ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿದೆ. ಓದಿದರೆ ಎರಡು ಕಡೆಯೂ ಪ್ರೀತಿಯಿದ್ದುದು ಕಾಣುತ್ತದೆ. ಆದರೆ ಜೆರಾಲ್ಡಿನ್ ಅವರಿಗೆ ಒಬ್ಬ ವಿಧೇಯಳಾದ ಮಗಳು ಬೇಕಾಗಿದ್ದಿತು. ಎದುರಿಗಿದ್ದವಳೋ, ಹಸಿವಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ದೇಶವನ್ನು ಕಾಲಿನಿಂದ ಅಳೆದು, ಪಂಡಿತಸಭೆಯನ್ನು ಗೆದ್ದು ಬಂದವಳು. ದುಃಖಿತನಾದ ಯುವಕನಿಗೆ ಆಶ್ರಯ ಕೊಡುವವರು ಬಹುಸಲ ಹೀಗೆಯೇ ಎಡವುತ್ತಾರೆ. ಅನ್ನ ಕೊಟ್ಟೆವೆಂಬ ಸಲುಗೆಯಿಂದ ಅವನ ನಾಲಗೆಯನ್ನೂ ತಟ್ಟೆಯನ್ನೂ ತಿದ್ದಲು ಹೋಗುತ್ತಾರೆ. ಇದು ಒಂದು ಮತದವರ ದೋಷವಲ್ಲ. ಸೊಸೆಯನ್ನು ತಂದುಕೊಂಡ ನಮ್ಮ ಮನೆಗಳಲ್ಲಿಯೂ ಇದನ್ನು ಕಾಣುತ್ತೇವೆ.

ಅಲ್ಲಿಂದ ಅವರು ೧೮೮೬ರಲ್ಲಿ ಅಮೆರಿಕಕ್ಕೆ ಹೋಗಿ, ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಪುಸ್ತಕ ಬರೆದು, ಬಾಸ್ಟನ್ ನಗರದಲ್ಲಿ ಸಹಾಯಕ ಸಂಘವೊಂದು ಏರ್ಪಟ್ಟ ಮೇಲೆ ಸ್ವದೇಶಕ್ಕೆ ಹಿಂದಿರುಗಿದರು. ೧೮೮೯ರ ಮಾರ್ಚಿ ೧೧ರಂದು ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಬಾಲವಿಧವೆಯರಿಗೆ ವಿದ್ಯೆ ಕೊಡುವುದು, ಅವರವರ ಆಚಾರಕ್ಕೆ ಅಡ್ಡಿಬಾರದಿರುವುದು ಎಂಬುದು ನಿಯಮ. ಅಲ್ಲಿ ಮೊದಲಿಗೆ ಸೇರಿದ ವಿಧವೆಯರಲ್ಲೊಬ್ಬರು ಗೋದೂಬಾಯಿ. ಅವರನ್ನು ಧೋಂಡೋ ಕೇಶವ ಕರ್ವೆಯವರು ೧೮೯೩ರಲ್ಲಿ ಮದುವೆಯಾದುದೂ, ಮುಂದೆ ಕರ್ವೆಯವರು ತಾವೇ ವಿಧವಾಶ್ರಮವನ್ನು ಸ್ಥಾಪಿಸಿದುದೂ ಎಲ್ಲರಿಗೂ ತಿಳಿದ ಸಂಗತಿ. ಅದೇ ೧೮೯೩ರಲ್ಲಿ ದೊಡ್ಡ ವಿವಾದವೂ ಎದ್ದಿತು. ರಮಾಬಾಯಿಯವರು ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುವಾಗ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದನ್ನು ಆಕ್ಷೇಪಿಸಿ ರಾನಡೆಯವರೂ ಭಂಡಾರಕರರೂ ಸಲಹಾಮಂಡಲಿಯಿಂದ ಹೊರಬಂದರು. ಅನೇಕ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಭಂಡಾರಕರರ ‘ಮಾರ್ಗೋಪದೇಶಿಕೆ’ಯಿಂದ ಸಂಸ್ಕೃತ ಕಲಿತವರು ನಾವು, ಅವರ ಮೇಲೆ ನಮಗೆ ಗುರುಭಾವವಿದೆ. ಅವರ ಆಕ್ಷೇಪದಲ್ಲಿ ಸಾರವಿಲ್ಲವೆಂದು ಹೇಳಲಾರೆವು. ನೀರಿನಲ್ಲಿ ಮುಳುಗುವವನ ಕೈ ಸಿಕ್ಕಿದುದನ್ನು ಹಿಡಿಯುತ್ತದೆ. ಅದು ಹಗ್ಗವೋ ಬಳ್ಳಿಯೋ ಎಂದು ವಿಚಾರಮಾಡುವ ಶಕ್ತಿ ಆಗ ಅವನಿಗಿಲ್ಲ. ಆದ್ದರಿಂದ ಶೋಕದಲ್ಲಿರುವ ಎಳೆಯರಿಗೆ ತನ್ನ ಮತವನ್ನು ಕೊಡುವವನು ಅತ್ಯಂತ ಎಚ್ಚರದಿಂದಿರಬೇಕು. ಆ ಮಗುವು ಒಲ್ಲೆನೆಂದರೂ ಅನ್ನವೂ ಅಕ್ಕರೆಯೂ ಕಡಮೆಯಾಗಬಾರದು. ಹೀಗೆ ಹೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಲೇಬೇಕು. ಆ ಬಾಲವಿಧವೆಯರ ತಲೆ ಬೋಳಿಸಿ ಕತ್ತಲ ಕೋಣೆಯಲ್ಲಿ ಕೂರಿಸಿದ್ದವರು ಯಾರು? ಮಗುವಿನ ಮತವು ಹೋದೀತೆಂದು ಹೆದರಿದ ನಾವು, ಮಗುವೇ ಹೋಗುತ್ತಿದ್ದಾಗ ಎಷ್ಟು ಹೆದರಿದೆವು?

ಇದಕ್ಕೆ ಉತ್ತರವು ಮೂರು ವರ್ಷಗಳಲ್ಲಿಯೇ ಬಂದಿತು. ೧೮೯೬ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವೆಂಬ ವರ್ತಮಾನ ಕೇಳಿದೊಡನೆ ರಮಾಬಾಯಿಯವರು ಸ್ವತಃ ಹೊರಟರು. ಹದಿನಾರನೆಯ ವಯಸ್ಸಿನಲ್ಲಿ ತಾವು ಕಂಡಿದ್ದ ದೃಶ್ಯವನ್ನೇ ಮತ್ತೆ ಕಂಡರು: ಎಲುಬು ಎದ್ದ ಮಕ್ಕಳು, ಹುಡುಗಿಯರನ್ನು ಕೊಂಡೊಯ್ಯಲು ಕಾಯುತ್ತಿದ್ದ ದುಷ್ಟರು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಾಲವಾದ್ದರಿಂದ ಅಷ್ಟು ಜನರನ್ನು ಅಲ್ಲಿ ಇಡಲು ಅಪ್ಪಣೆ ಸಿಕ್ಕಲಿಲ್ಲ. ಸೊಲ್ಲಾಪುರದ ರೈಲುದಾರಿಯಲ್ಲಿರುವ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಜಮೀನಿನಲ್ಲಿ ಡೇರೆ ಹೊಡೆದು ಇಳಿಸಿದರು. ಆ ಸ್ಥಳಕ್ಕೆ ‘ಮುಕ್ತಿ’ ಎಂದು ಹೆಸರಾಯಿತು. ೧೯೦೦ರ ಕ್ಷಾಮದಲ್ಲಿ ಗುಜರಾತಿನಿಂದ ಇನ್ನೂ ನೂರಾರು ಜನ ಬಂದು, ಅಲ್ಲಿ ಒಟ್ಟು ಸಾವಿರದ ಐನೂರಕ್ಕೂ ಹೆಚ್ಚು ಜನ ಸೇರಿದರು.

ಅಲ್ಲಿ ನಡೆದ ವ್ಯವಸ್ಥೆಯೇ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಹಿಂದಿಯವರು, ಗುಜರಾತಿಯವರು, ಮರಾಠಿಯವರು. ಮೇಲುಜಾತಿಯ ವಿಧವೆಯರು, ಕೆಳಗಿನವರೆನಿಸಿಕೊಂಡವರ ಅನಾಥೆಯರು. ಜೊತೆಗೆ ಕೆಲಸಮಾಡಲು ಬಂದ ಅಮೆರಿಕ, ಯೂರೋಪುಗಳ ಹೆಂಗಸರು. ಪ್ರತಿಯೊಬ್ಬಳ ಹಿಂದೆಯೂ ಹೇಳಲಾಗದ ಸಾವುಗಳಿದ್ದುವು. ರಮಾಬಾಯಿಯವರು ಅವರಿಗೆ ದುಃಖದ ಕಾರಣವನ್ನು ವಿವರಿಸಲು ಕುಳಿತುಕೊಳ್ಳಲಿಲ್ಲ. ಕೈಗೆ ಕೆಲಸ ಕೊಟ್ಟರು. ಬಾವಿ ತೋಡಿಸಿದರು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹೈನು, ವ್ಯವಸಾಯ ಎಲ್ಲವನ್ನೂ ಕಲಿಸಿದರು. ಅಚ್ಚುಕೂಟವನ್ನಿಟ್ಟು, ಮೊಳೆ ಜೋಡಿಸುವುದನ್ನೂ ಅಚ್ಚುಹಾಕುವುದನ್ನೂ ಹೆಂಗಸರಿಂದಲೇ ಮಾಡಿಸಿದರು. ಕುರುಡು ಹುಡುಗಿಯರಿಗೆ ಮಗಳು ಮನೋರಮೆಯು ಬ್ರೇಲ್ ಲಿಪಿಯನ್ನು ಕಲಿಸಿದಳು. ಮೊದಲು ಬಂದು ಚೇತರಿಸಿಕೊಂಡ ಹುಡುಗಿಯರು ಆಮೇಲೆ ಬಂದವರನ್ನು ನೋಡಿಕೊಳ್ಳಬೇಕು; ನಿನ್ನೆ ಅತ್ತವಳು ಇಂದು ಅಳುವವಳ ತಲೆ ಬಾಚಬೇಕು. ಶೋಕಕ್ಕೆ ಇದಕ್ಕಿಂತ ಮೇಲಾದ ಔಷಧವನ್ನು ನಾವು ಅರಿಯೆವು. ಪೂಜೆ ಪ್ರಾರ್ಥನೆಗಳೂ ಅಲ್ಲಿ ಬಹಳವಾಗಿ ನಡೆಯುತ್ತಿದ್ದುವು. ೧೯೦೫ರಲ್ಲಿ ಆ ಹುಡುಗಿಯರಲ್ಲಿ ಉಂಟಾದ ಭಕ್ತಿಯ ಉತ್ಸಾಹವು ದೂರದೇಶಗಳಲ್ಲಿಯೂ ಹೆಸರಾಯಿತು. ಆದರೆ ಪ್ರಾರ್ಥನೆ ಮುಗಿದ ಮೇಲೆ ಹಿಟ್ಟು ಬೀಸುವ ಕೆಲಸವು ಎಂದಿನಂತೆ ಕಾದಿರುತ್ತಿತ್ತು.

ಅವರ ಕೊನೆಯ ದೊಡ್ಡ ಕೆಲಸ ಬೈಬಲಿನ ಮರಾಠಿ ಅನುವಾದ. ಅದಕ್ಕಾಗಿ ನಡುವಯಸ್ಸಿನ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತದ ಪಂಡಿತರಾದ ನಮಗೆ ಇಲ್ಲಿ ಒಂದು ಪಾಠವಿದೆ. ಪ್ರೌಢವಾದ ಸಂಸ್ಕೃತಮಯ ಮರಾಠಿಯನ್ನು ಬರೆಯಬಲ್ಲವರು ಆಗ ಅವರಿಗಿಂತ ಎಷ್ಟು ಜನರಿದ್ದರು? ಆದರೆ ತಮ್ಮ ಮನೆಯಲ್ಲಿದ್ದ ಹಳ್ಳಿಯ ಹೆಂಗಸರಿಗೆ ತಿಳಿಯಬೇಕೆಂದು ದೊಡ್ಡ ಮಾತುಗಳನ್ನು ಬೇಕೆಂದೇ ಬಿಟ್ಟು, ಬಳಕೆಯ ಸರಳ ಮರಾಠಿಯಲ್ಲಿ ಬರೆದರು. ಶಿಲುಬೆಯ ಮೇಲೆ ತಿಳಿಯದ ಅಕ್ಷರವೇಕೆಂದು ಇಪ್ಪತ್ತೈದರಲ್ಲಿ ಕೇಳಿದವರು, ಅರುವತ್ತರಲ್ಲಿ ತಮ್ಮ ಪಾಂಡಿತ್ಯವನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಿದರು. ಸಮಾಧಾನವು ತಾಯ್ನುಡಿಯಲ್ಲಿಯೇ ಬರಬೇಕೆಂಬುದನ್ನು ಅವರು ಮರೆಯಲಿಲ್ಲ.

ಮನೋರಮೆಯು ವಿದೇಶಗಳಲ್ಲಿ ಓದಿ ಬಂದು ತಾಯಿಯ ಬಲಗೈಯಾಗಿ ನಿಂತಿದ್ದಳು. ೧೯೧೨ರಲ್ಲಿ ತಾಯಿಮಕ್ಕಳು ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ತೆರೆದರು. ಮನೋರಮೆಯೇ ಅದರ ಮುಖ್ಯೋಪಾಧ್ಯಾಯಿನಿ. ಹೀಗೆ ಬೆತ್ತದ ಪೆಟ್ಟಿಗೆಯಲ್ಲಿ ಕನ್ನಡನಾಡಿನ ಬೆಟ್ಟವನ್ನಿಳಿದ ಕೂಸು ತನ್ನ ಮಗಳ ಮೂಲಕ ಕನ್ನಡನಾಡಿನ ಮಕ್ಕಳಿಗೆ ಮರಳಿ ಒದಗಿತು. ೧೯೨೧ರ ಜುಲೈಯಲ್ಲಿ ಮನೋರಮೆಯು ತನ್ನ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಮಾಬಾಯಿಯವರಿಗೆ ಇದ್ದುದು ಆಕೆಯೊಬ್ಬಳೇ. ಕಿವಿ ಕೇಳಿಸದ, ಮೈಯಲ್ಲಿ ಶಕ್ತಿಯುಡುಗಿದ ಆ ತಾಯಿ ಆಗ ಮಾಡಿದುದೇನು? ಬೈಬಲಿನ ಕರಡಚ್ಚುಗಳನ್ನು ತಿದ್ದುವ ಕೆಲಸವನ್ನು ಮುಂದುವರಿಸಿದರು. ಅದು ಮುಗಿಯುತ್ತಲೇ ೧೯೨೨ರ ಏಪ್ರಿಲ್ ೫ರಂದು ನಿದ್ರೆಯಲ್ಲಿ ಪ್ರಾಣ ಹೋಯಿತು. ಮುಕ್ತಿಯ ಸಂಸ್ಥೆಯು ಈಗಲೂ ಅನಾಥರಿಗೂ ಹೆಂಗಸರಿಗೂ ಆಶ್ರಯವಾಗ��ದೆ.

ಈ ಚರಿತ್ರೆಯಿಂದ ಯಾರೂ ಮತವನ್ನು ಬದಲಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ; ನಾವು ನಮ್ಮ ಸಂಧ್ಯಾವಂದನೆಯನ್ನು ಬಿಟ್ಟವರಲ್ಲ. ಆದರೆ ಶ್ರದ್ಧೆಯೆಂಬುದು ಶೋಕಕ್ಕೆ ಕೊಡುವ ಉತ್ತರವೆಂದು ನಾವು ತಿಳಿದಿದ್ದೆವು. ಅದು ಶೋಕವನ್ನು ಹೊರುವ ಹೆಗಲೆಂದು ಈಗ ತೋರುತ್ತದೆ. ಕ್ರೈಸ್ತರಾದ ಮೇಲೆ ರಮಾಬಾಯಿಯವರ ದುಃಖಗಳು ನಿಂತುಹೋಗಲಿಲ್ಲ. ದೀಕ್ಷಾಸ್ನಾನವಾದ ಎಷ್ಟೋ ವರ್ಷಗಳವರೆಗೆ ತಮಗೆ ಮತವು ಸಿಕ್ಕಿದ್ದರೂ ಕ್ರಿಸ್ತನು ಸಿಕ್ಕಿರಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತವರು ಅನಂತರ ಸಾವಿರ ಮಕ್ಕಳ ಭಾರವನ್ನು ಹೊತ್ತರು. ಭಾರವು ಇಳಿಯಲಿಲ್ಲ, ಹೊರುವ ಬಲ ಬಂದಿತು.

ಮೊಮ್ಮಗಳ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಹೇಳಬೇಕಲ್ಲವೇ? ನಮ್ಮ ಶಿಷ್ಯನು ಹೊರಟ ಮಾರನೆಯ ದಿನ ಅವಳನ್ನು ಕರೆದು ಕೂರಿಸಿಕೊಂಡು, “ಗೀತೆಯನ್ನು ಸಾಕ್ಷಾತ್ ಶ್ರೀಕೃಷ್ಣನ ಬಾಯಿಂದ ಕೇಳಿದವನು ಯಾರು?” ಎಂದೆವು. “ಅರ್ಜುನ” ಎಂದಳು. “ಅದೇ ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಸತ್ತಾಗ ಆ ಅರ್ಜುನ ಏನು ಮಾಡಿದ?” ಸ್ವಲ್ಪ ಹೊತ್ತು ಯೋಚಿಸಿ, “ಅತ್ತ” ಎಂದಳು. “ಪಾಠ ಕೇಳಿ ಇನ್ನೂ ಹದಿಮೂರು ದಿನ ಆಗಿರಲಿಲ್ಲ, ಮಗು. ಕೃಷ್ಣ ಅವನನ್ನು ಗದರಿಸಲಿಲ್ಲ, ಹತ್ತಿರವೇ ಇದ್ದ. ಕ್ರೈಸ್ತರ ಪುಸ್ತಕದಲ್ಲೂ ಹೀಗೇ ಇದೆ. ಲಾಜರ ಅನ್ನೋ ಸ್ನೇಹಿತನನ್ನು ತಾನೇ ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸುವೂ ಅವನ ಗೋರಿಯ ಹತ್ತಿರ ಅತ್ತನಂತೆ. ಪಾಠ ಸುಳ್ಳಲ್ಲ, ಅಳುವೂ ಸುಳ್ಳಲ್ಲ” ಎಂದೆವು. ಅವಳು ಏನೂ ಹೇಳಲಿಲ್ಲ. ಎದ್ದು ಹೋಗಿ, ಅಜ್ಜಿಯು ನೀರೆರೆಯುತ್ತಿದ್ದ ತುಳಸಿಗೆ ನೀರು ಹಾಕಿ ಬಂದಳು. ಅಂದಿನಿಂದ ಆ ಕೆಲಸ ಅವಳದಾಯಿತು. ಇದನ್ನು ನಾವು ಹೇಳಿಕೊಡಲಿಲ್ಲ.

ಕೊನೆಯದಾಗಿ ಗೃಹಸ್ಥರಾದ ವಾಚಕರಲ್ಲಿ ಎರಡು ಮಾತು. ಮನೆಯಲ್ಲಿ ಸಾವಾದಾಗ ಎಳೆಯರನ್ನು ನೆಂಟರ ಮನೆಗೆ ಕಳುಹಿಸಿ ಮರೆಮಾಡಬೇಡಿರಿ. ಅವರ ಕೈಗೂ ಒಂದು ಕೆಲಸವನ್ನು ಕೊಡಿರಿ, ಅವರ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಗದರಿಸಬೇಡಿರಿ. ಎರಡನೆಯದಾಗಿ, ನಿಮ್ಮ ಬೀದಿಯಲ್ಲಿ ಬಾಡಿಗೆಯ ಕೋಣೆಗಳಲ್ಲಿ ದೂರದೇಶದ ಹುಡುಗರೂ ಹುಡುಗಿಯರೂ ಇರಬಹುದು. ಅವರ ಮುಖ, ಮಾತು, ಊಟಗಳು ನಮ್ಮವಲ್ಲವಾಗಿರಬಹುದು. ಒಂದು ದಿನ ಅವರಿಗೂ ಊರಿನಿಂದ ಕೆಟ್ಟ ವರ್ತಮಾನ ಬಂದೀತು. ಆ ದಿನ ಅವರ ಮತ ಯಾವುದೆಂದು ವಿಚಾರಿಸುವ ಮೊದಲು, ಅವರ ಭಾಷೆಯವರು ಹತ್ತಿರದಲ್ಲಿ ಯಾರಿದ್ದಾರೆಂದು ವಿಚಾರಿಸಿರಿ. ಅವರು ಬಂದು ಸೇರುವ ತನಕ ಪಕ್ಕದಲ್ಲಿ ಕುಳಿತಿರಿ, ಒಂದು ಲೋಟ ಬಿಸಿ ಹಾಲನ್ನೋ ಚಹವನ್ನೋ ಮಾಡಿಕೊಡಿರಿ. ಅದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.